ಹನ್ನೊಂದನೆಯ ಪ್ರಶ್ನೆಗೆ ನಾನು ಬರೆದ ಉತ್ತರ

ಪ್ರೀತಿಯ ಭಾವ,

ನಿಮ್ಮ ಹಳದಿ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ಆಫ್ರಿಕಾಕ್ಕೆ ಹೋಗಿ ಬರುವವರಿಗೆ ಹಳದಿ ಜ್ವರದ ಚುಚ್ಚುಮದ್ದು ಬೇಕೆಂದು ನಾವಿಬ್ಬರೂ ಮಂಗಳೂರಿಗೆ ಹೋಗಿ ತೋಳು ಒಡ್ಡಿ ಕೂತಿದ್ದೆವಲ್ಲ, ಆಗ ಕೊಟ್ಟದ್ದು. "ಮಾಷ್ಟ್ರ ಹತ್ರವೇ ಇರಲಿ. ನಮ್ಮ ಹೋಟೆಲಲ್ಲಿ ಇಟ್ರೆ ಯಾರಾದ್ರೂ ಅದರ ಹಾಳೆ ಹರಿದು ಗೋಳಿಬಜೆ ಕಟ್ಟಿಯಾರು" ಎಂದು ನನ್ನ ಕೈಗೆ ಕೊಟ್ಟಿರಿ. ನಿನ್ನೆ ಬಿಡಿಸಿ ನೋಡಿದೆ. ಎಷ್ಟು ಕಾಲ ಊರ್ಜಿತ ಎಂಬಲ್ಲಿ 'ಜೀವಮಾನವಿಡೀ' ಎಂದು ಮೊಹರು ಹೊಡೆದಿದ್ದಾರೆ. ಅವತ್ತು ಅದನ್ನು ಓದಿ ನೀವು ಬಸ್ಸಿನಲ್ಲಿ ಎಷ್ಟು ನಕ್ಕಿದ್ದಿರಿ! "ಒಂದಾದ್ರೂ ಜೀವ ಇರುವವರೆಗೆ ಬಾಳಿಕೆ ಬರುವ ಸಾಮಾನು ಸಿಕ್ಕಿತು ಮಾರಾಯ." ಬಾಳಿಕೆ ಬರಲಿಲ್ಲ ಭಾವ. ಪುಸ್ತಕಕ್ಕೆ ಒಂದು ಮಡಿಕೆಯೂ ಬಿದ್ದಿಲ್ಲ.

ಇವತ್ತು ನಮ್ಮ ಪಟ್ಟಿಯ ಆರನೆಯ ದಿನ. ದಸರಾ ರಜೆ, ಶಾಲೆಗೆ ಬೀಗ. ಪಟ್ಟಿಯ ಪ್ರಕಾರ ಈ ಹೊತ್ತಿಗೆ ನಾವಿಬ್ಬರೂ ಕಿಲಿಮಂಜಾರೋದ ತುದಿ ಮುಟ್ಟಿ, ಫಲಕದ ಪಕ್ಕ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು, ಮೊಣಕಾಲು ಹಿಡಿದುಕೊಂಡು ಇಳಿಯುತ್ತಿರಬೇಕಿತ್ತು. ನಾನು ಪುತ್ತಿಗೆಯ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬದುಕಿದ್ದಾಗ ನಿಮಗೆ ಒಂದು ಸಾಲು ಬರೆದವನಲ್ಲ. ಒಮ್ಮೆ ಮಾತ್ರ ನಿಮ್ಮ ಪರವಾಗಿ ಬರೆದೆ. ಅದನ್ನೇ ಹೇಳಬೇಕಾಗಿದೆ.

ಹಮೀದ್ ಬ್ಯಾರಿ ಆ ಫೋಟೋ ತಂದ ಮಧ್ಯಾಹ್ನ ನೆನಪಿದೆಯೇ? ನಿಮ್ಮ ಕಲ್ಲಡ್ಕದ ಹೋಟೆಲಿನ ಎದುರೇ ಅವರ ಬಟ್ಟೆಯಂಗಡಿ. ಹರೆಯದಲ್ಲಿ ಆಫ್ರಿಕಾದ ದಾರೆಸ್ಸಲಾಮಿನಲ್ಲಿ ಮಾವನ ಅಂಗಡಿಯಲ್ಲಿ ದುಡಿದವರು. ಹಳೆಯ ಟ್ರಂಕು ಹುಡುಕುವಾಗ ಸಿಕ್ಕಿತು ಎಂದು ತೋರಿಸಿದರು. ಬುಡದಲ್ಲಿ ಕಪ್ಪು, ತಲೆಯ ಮೇಲೆ ಬಿಳಿ, ಅಂಥದೊಂದು ಒಂಟಿ ಬೆಟ್ಟ. ನೀವು ಗಲ್ಲಾದಿಂದ ಎದ್ದು ಬಂದು ಫೋಟೋವನ್ನು ತಲೆಕೆಳಗೆ ಮಾಡಿ ಹಿಡಿದಿರಿ. "ನೋಡಿ, ನಮ್ಮ ಕೆ.ಟಿ.!" ಕೆಳಗೆ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್, ಎರಡೂ ಕಲಸದೆ ನಿಲ್ಲುವ ನಮ್ಮೂರ ಚಹಾ. ಎಲ್ಲರೂ ನಕ್ಕರು. ನೀವು ಮಾತ್ರ ಫೋಟೋ ಹಿಂದೆ ಕೊಡಲೇ ಇಲ್ಲ. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮನುಷ್ಯ, ಧರ್ಮಸ್ಥಳದ ಆಚೆಗೆ ಹೋದದ್ದೇ ಕಡಿಮೆ. "ನಾನು ಇಷ್ಟು ವರ್ಷ ನಿಂತದ್ದು ನಿಂತಲ್ಲೇ. ಒಂದು ಸಲ ನಡೆಯುವ ಅಂತ ಉಂಟು ಮಾಷ್ಟ್ರೇ" ಎಂದಿರಿ.

ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಮೂಲೆಯ ಮೇಜು ನಮ್ಮದು. ನಾನು ಭೂಗೋಳದ ಮಾಷ್ಟ್ರು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಏಳು ದಿನ ಹಂಚಿದೆ. ಮೊದಲ ದಿನ ಕಾಡು, ಆಮೇಲೆ ಕುರುಚಲು, ಆಮೇಲೆ ಬರೀ ಕಲ್ಲು, ಕೊನೆಗೆ ಹಿಮ. ಹಗಲು ಎತ್ತರಕ್ಕೆ ಹತ್ತಿ, ಮಲಗಲು ತಗ್ಗಿಗೆ ಇಳಿಯಬೇಕು, ಗಾಳಿ ತೆಳುವಾಗುವುದಕ್ಕೆ ಮೈ ಒಗ್ಗಬೇಕು ಎಂದೆಲ್ಲ ವಿವರಿಸಿದರೆ ನಿಮ್ಮ ಪ್ರಶ್ನೆ ಒಂದೇ, "ಅಲ್ಲಿ ಕುಚ್ಚಲಕ್ಕಿ ಗಂಜಿ ಆಗ್ತದಾ?" ಗೈಡ್ ಇಲ್ಲದೆ ಅಲ್ಲಿ ಬಿಡುವುದಿಲ್ಲ ಎಂದಾಗ ನಿಮಗೆ ಸಮಾಧಾನವಾಯಿತು. ಜೋಸೆಫ್ ಎಂಬ ಆ ಗೈಡ್ ವಿಡಿಯೋ ಕಾಲ್‌ನಲ್ಲಿ ನಮ್ಮನ್ನು ನೋಡಿದ ಕೂಡಲೇ ಎರಡೂ ಕೈ ಕೆಳಕ್ಕೆ ಒತ್ತಿ "ಪೋಲೆ ಪೋಲೆ" ಎಂದ. ನೀವು ನನ್ನ ಕಡೆ ತಿರುಗಿ, "ಇವ ಯಾಕೆ ನಮಗೆ ಪೋಲಿ ಅಂತ ಬೈತಾನೆ? ನಮ್ಮ ವಿಷಯ ಇವನಿಗೆ ಯಾರು ಹೇಳಿದ್ದು?" ಹಮೀದ್ ಬ್ಯಾರಿ ಬಿದ್ದು ಬಿದ್ದು ನಕ್ಕರು. ಮೆಲ್ಲ ಮೆಲ್ಲ ಎಂದು ಅರ್ಥ, ಬೆಟ್ಟ ಹತ್ತುವವರಿಗೆ ಅವರು ಹೇಳುವುದೇ ಅದು ಎಂದರು. ನಿಮಗೆ ತುಂಬ ಹಿಡಿಸಿತು. ಡಿಕಾಕ್ಷನ್ ಹೊಯ್ಯುವಾಗಲೂ ಅದೇ ಮಂತ್ರ ಅಲ್ಲವೇ, ಮೆಲ್ಲ ಹೊಯ್ಯದಿದ್ದರೆ ಎಲ್ಲ ಕಲಸಿಹೋಗುತ್ತದೆ ಎಂದಿರಿ. ಅವಸರದವನು ನಾನೇ. ಅದು ನಿಮಗೂ ಗೊತ್ತಿತ್ತು.

ಬೆಟ್ಟ ಹತ್ತುವ ಅರ್ಜಿ ತುಂಬಿದ್ದು ಜನವರಿಯಲ್ಲಿ, ಅದೇ ಮೇಜಿನ ಮೇಲೆ. ಇಂಗ್ಲಿಷಿನಲ್ಲಿದ್ದ ಆರೋಗ್ಯದ ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ, ನಿಮ್ಮ ಉತ್ತರ ಬರೆದುಕೊಳ್ಳುತ್ತಿದ್ದೆ. ಸಕ್ಕರೆ? ಇಲ್ಲ. ದಮ್ಮು? ಇಲ್ಲ. ಹನ್ನೊಂದನೆಯದು, ಹತ್ತುವಾಗ ಎದೆಯಲ್ಲಿ ನೋವು, ಬಿಗಿತ ಉಂಟೇ? ನೀವು ಚಹಾ ಸೋಸುವ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಿರಿ. "ಕಾರಿಂಜ ದೇವಸ್ಥಾನದ ಮೆಟ್ಟಿಲು ಹತ್ತುವಾಗ ಇಲ್ಲಿ ಒಂಚೂರು ಹಿಡಿದ ಹಾಗೆ ಆಗ್ತದೆ. ನಿಂತರೆ ಹೋಗ್ತದೆ. ಅದನ್ನು ಬರೀಬೇಕಾ?" ನಾನು ಏನೆಂದೆ? "ಅದು ಗ್ಯಾಸ್ಟ್ರಿಕ್ ಭಾವ. ಹೌದು ಅಂತ ಹಾಕಿದ್ರೆ ಟ್ರೆಡ್‌ಮಿಲ್, ಸ್ಕ್ಯಾನಿಂಗ್ ಅಂತ ಓಡಾಡಿಸ್ತಾರೆ. ದಸರಾ ಅಲ್ಲೇ ಮುಗೀತದೆ." ಇಲ್ಲ ಎಂದು ಬರೆದೆ. ನೀವು "ಮಾಷ್ಟ್ರು ಹೇಳಿದ ಮೇಲೆ ಆಯಿತಲ್ಲ" ಎಂದು ಸಹಿ ಹಾಕಿದಿರಿ. ಉತ್ತರ ಬರೆಯುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಮಕ್ಕಳಿಗೆ ಹೇಳುವವನು ನಾನು.

ಈಗ ನಿಜ ಹೇಳುತ್ತೇನೆ. ನಿಮ್ಮನ್ನು ಅವರು ಬೇಡವೆಂದರೆ ನಾನೊಬ್ಬನೇ ಹೋಗುವ ಧೈರ್ಯ ನನಗಿರಲಿಲ್ಲ. ಇಪ್ಪತ್ತೆರಡು ವರ್ಷ ಕಾಣದ ಬೆಟ್ಟಗಳನ್ನು ನಕ್ಷೆಯ ಮೇಲೆ ಕೋಲಿನಿಂದ ತೋರಿಸಿದವನಿಗೆ ಒಂದು ಬೆಟ್ಟವನ್ನಾದರೂ ಕಣ್ಣಾರೆ ನೋಡಬೇಕಿತ್ತು. ಆಸೆ ನಿಮ್ಮದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ನಿಮಗಿಂತ ಹೆಚ್ಚು ನನಗೇ ಇತ್ತು.

ಮಾರ್ಚಿನ ಆ ಭಾನುವಾರ ಬೆಳಿಗ್ಗೆ ಗಡಾಯಿಕಲ್ಲಿಗೆ ಹೊರಟೆವು. ಕಾರಿಂಜದ ಮೆಟ್ಟಿಲು ಸಾಲದು, ಬೆಳ್ತಂಗಡಿಯ ಆ ಕಲ್ಲಿನ ಕೋಟೆ ಹತ್ತಿದರೆ ನಿಜವಾದ ಪರೀಕ್ಷೆ ಎಂದು ಹಟ ಹಿಡಿದವನು ನಾನು. ಅಕ್ಕ ಕಡ್ಲೆ ಬಜಿಲ್ ಮಾಡಿದ್ದಳು. ಅವಲಕ್ಕಿಯ ಮೇಲೆ ಕಡ್ಲೆ ಸುರಿದು ನೀವು ಎರಡು ಸಲ ಹಾಕಿಸಿಕೊಂಡಿರಿ. ಅರ್ಧ ದಾರಿಯಲ್ಲಿ ಮೆಟ್ಟಿಲ ಮೇಲೆ ಕೂತಿರಿ. ಬೆವರು ಬೇರೆ ಥರ ಇತ್ತು. "ಮೆಲ್ಲ ಹೋಗುವ ಮಾರಾಯ" ಎಂದಿರಿ. ನಾನು ವಾಚು ನೋಡಿದೆ. "ಇಲ್ಲೇ ಕೂತರೆ ಅಲ್ಲಿ ಎಂತ ಹತ್ತುವುದು ಭಾವ?" ಆದರೂ ಅಕ್ಕನಿಗೆ ಫೋನ್ ಮಾಡಿದೆ. "ಕಡ್ಲೆ ಎರಡು ಸಲ ಹಾಕಿಸ್ಕೊಂಡಿದ್ದಾರೆ, ಅದು ಗ್ಯಾಸ್. ಚೀಲದಲ್ಲಿ ಜೀರಿಗೆ ಸೋಡಾ ಉಂಟು, ಕುಡಿಸು" ಎಂದಳು. ಕುಡಿಸಿದೆ. ನಿಮಗೆ ದೊಡ್ಡದೊಂದು ತೇಗು ಬಂತು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನಾನು ಕೈ ಕೊಟ್ಟು ನಿಮ್ಮನ್ನು ಎಬ್ಬಿಸಿದೆ. ಕೈ ಕೊಟ್ಟದ್ದು ಕೆಳಗೆ ಇಳಿಯಲಿಕ್ಕಾಗಿದ್ದರೆ... ಮೇಲಕ್ಕೆ ಹತ್ತಿಸಿದೆ. ಇನ್ನು ನಲವತ್ತು ಮೆಟ್ಟಿಲು ಹೋಗಿದ್ದೆವೋ ಏನೋ, ನೀವು ಎದೆ ಹಿಡಿದು ಕುಸಿದಿರಿ. ಯಾರೋ ಕಾಲೇಜು ಮಕ್ಕಳು ನಿಮ್ಮನ್ನು ಹೊತ್ತು ಇಳಿಸಿದರು. ನಾನು ಚೀಲ ಹಿಡಿದುಕೊಂಡು ಹಿಂದಿನಿಂದ ಇಳಿದೆ. ನಿಮ್ಮ ಕೈ ಹಿಡಿಯಬೇಕೆಂದು ಹೊಳೆಯಲೇ ಇಲ್ಲ.

ನಿಮ್ಮ ಬೊಜ್ಜ, ಹದಿಮೂರನೆಯ ದಿನದ ಉತ್ತರಕ್ರಿಯೆ, ಮುಗಿದ ಮೇಲೆ ಜೋಸೆಫನಿಗೆ ಸಂದೇಶ ಕಳಿಸಿದೆ. ನನ್ನ ಭಾವ ತೀರಿಕೊಂಡರು, ನಾವು ಬರುವುದಿಲ್ಲ ಎಂದಷ್ಟೇ. ಎರಡೇ ಶಬ್ದದ ಉತ್ತರ ಬಂತು, "ಪೋಲೆ ಸಾನಾ." ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿನ ಸುದ್ದಿ ಕೊಟ್ಟವನಿಗೆ ಮೆಲ್ಲ ಹೋಗು ಎಂದು ಬುದ್ಧಿ ಹೇಳುತ್ತಾನಲ್ಲ! ಬಾಯಿಗೆ ಬಂದದ್ದನ್ನು ಬರೆದು ಕಳಿಸಿದೆ. ಕಳೆದ ತಿಂಗಳು ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಹಮೀದ್ ಬ್ಯಾರಿ ಸಿಕ್ಕಾಗ ಇದನ್ನು ಸಿಟ್ಟಿನಲ್ಲೇ ಹೇಳಿದೆ. ಅವರು ನನ್ನ ತೋಳು ಹಿಡಿದರು. "ಅಯ್ಯೋ ಮಾಷ್ಟ್ರೇ, ಎಂತ ಕೆಲಸ ಮಾಡಿದಿರಿ. ಒಂದೇ ಸಲ ಪೋಲೆ ಅಂದ್ರೆ ಅದು ಬೇರೆ. ಸಾನಾ ಅಂದ್ರೆ ಬಹಳ. ಅಲ್ಲಿ ಸಾವಿನ ಮನೆಗೆ ಹೋದವರು ಹೇಳುವುದು ಅದನ್ನೇ. ನಿಮ್ಮ ದುಃಖ ನನಗೂ ಉಂಟು, ಕ್ಷಮಿಸಿ, ಎಲ್ಲದಕ್ಕೂ ಅದೇ ಮಾತು." ಜೋಸೆಫನಿಗೆ ಅವತ್ತೇ ತಪ್ಪೊಪ್ಪಿಗೆ ಬರೆದೆ. ಎಲ್ಲೋ ಇರುವ, ಮುಖ ಮಾತ್ರ ಕಂಡ ಒಬ್ಬ ಮನುಷ್ಯ ಮೊದಲ ಕ್ಷಣಕ್ಕೇ ಹೇಳಿದ ಮಾತನ್ನು ನಾನು ನನ್ನ ಅಕ್ಕನಿಗೆ ಆರು ತಿಂಗಳಾದರೂ ಹೇಳಿರಲಿಲ್ಲ.

ಅಕ್ಕನ ಸ್ಥಿತಿ ನಿಮಗೆ ಗೊತ್ತಿಲ್ಲ ಭಾವ. ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು, "ಗ್ಯಾಸ್ ಅಂತ ಹೇಳಿದ್ದು ನಾನೇ. ಕಡ್ಲೆ ಎರಡನೇ ಸಲ ಹಾಕಿದ್ದೂ ನಾನೇ." ಮನೆಯಲ್ಲಿದ್ದ ಕಡ್ಲೆಯನ್ನೆಲ್ಲ ಪಕ್ಕದವರಿಗೆ ಕೊಟ್ಟುಬಿಟ್ಟಳು. ಒಂದು ಸೌಟು ಗಂಜಿ ಹಾಕಿಕೊಂಡು, ಅದರ ಎದುರು ಕೂತು, ಹಾಗೆಯೇ ಎದ್ದುಬಿಡುತ್ತಾಳೆ ಎಂದು ನಿಮ್ಮ ಮಗಳು ದೀಕ್ಷಾ ಫೋನಿನಲ್ಲಿ ಅಳುತ್ತಿದ್ದಳು. ಬಳೆ ಮೊಣಕೈವರೆಗೆ ಜಾರುತ್ತದೆ. ನಾನು ಪ್ರತಿ ವಾರ ಹೋಗುತ್ತಿದ್ದೆ. ಎದುರು ಕೂತು, ಅವಳು ಕೊಟ್ಟ ಚಹಾ ಕುಡಿದು, "ಬಿಡು ಅಕ್ಕ, ಹಣೆಬರಹ" ಎಂದು ಎದ್ದು ಬರುತ್ತಿದ್ದೆ. ನನ್ನ ಹೊರೆಯನ್ನು ಅವಳು ಹೊತ್ತು ಸಾಯುತ್ತಿದ್ದಳು. ನಾನು ಹಣೆಬರಹ ಎನ್ನುತ್ತಿದ್ದೆ. ಇದಕ್ಕಿಂತ ನೀಚತನ ಇನ್ನೇನಿದೆ?

ನಮ್ಮ ಪಟ್ಟಿಯ ಮೊದಲ ದಿನ, ಬೆಟ್ಟ ಹತ್ತಲು ಹೊರಡಬೇಕಿದ್ದ ದಿನವೇ ಹೊರಟೆ. ಅರ್ಜಿಯ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಮೂಡುಬಿದಿರೆಯಲ್ಲಿ ಬಸ್ಸು ಹತ್ತಿ, ಬಂಟ್ವಾಳದ ಮೇಲೆ ಕಲ್ಲಡ್ಕ. ನಿಮ್ಮ ಹೋಟೆಲಿನ ಶಟರ್ ಇಳಿದೇ ಇದೆ. ಮನೆಯಲ್ಲಿ ಅಕ್ಕನ ಎದುರು ಕಾಗದ ಬಿಡಿಸಿ ಹನ್ನೊಂದನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ಎಲ್ಲವನ್ನೂ ಹೇಳಿದೆ.

"ಇದು ಬರೆದದ್ದು ಯಾವಾಗ?"

"ಜನವರಿಯಲ್ಲಿ."

"ಅಂದ್ರೆ ಅವರಿಗೆ ಮೊದಲೇ ನೋವು ಇತ್ತು. ಕಡ್ಲೆಗೆ ಮುಂಚೆ."

"ಮುಂಚೆಯೇ ಇತ್ತು ಅಕ್ಕ."

"ನಿನಗೆ ಗೊತ್ತಿತ್ತು."

ತಲೆಯಾಡಿಸಿದೆ. ಕ್ಷಮಿಸು ಎಂದೆ. ಅವಳು ಅಳಲಿಲ್ಲ. ಬೈಯಲೂ ಇಲ್ಲ. ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ತನ್ನ ಹತ್ತಿರ ಇಟ್ಟುಕೊಂಡಳು. "ಆರು ತಿಂಗಳು ನನ್ನ ಎದುರು ಕೂತು ಚಾ ಕುಡಿದೆ" ಎಂದಳು. ಬಾಗಿಲ ಕಡೆ ಕೈ ತೋರಿಸಿ, "ಹೋಗು. ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ." ಬಂದುಬಿಟ್ಟೆ. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಿಲ್ಲ. ನಮ್ಮ ಅಪ್ಪ ಅಮ್ಮ ಹೋದ ಮೇಲೆ ನನಗಿದ್ದವಳು ಅವಳೊಬ್ಬಳೇ. ನೀವಿದ್ದಿದ್ದರೆ ನಮ್ಮಿಬ್ಬರ ನಡುವೆ ಕೂತು ಏನಾದರೂ ತಮಾಷೆ ಮಾಡಿ... ನೀವಿದ್ದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲವಲ್ಲ.

ಬೆಟ್ಟಕ್ಕೆ ನಾನು ಹೋಗುವುದಿಲ್ಲ. ಹೋಗಿ ನಿಮ್ಮ ಹೆಸರಲ್ಲಿ ಒಂದು ಕಲ್ಲು ಇಟ್ಟು ಬಾ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ತರಗತಿಯಲ್ಲಿ ಆಫ್ರಿಕಾದ ನಕ್ಷೆ ಬಿಡಿಸಿದಾಗಲೂ ಕೋಲು ಆ ಬೆಟ್ಟವನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಅಕ್ಕ ಬಾ ಎನ್ನುವವರೆಗೆ ಆ ಮೆಟ್ಟಿಲನ್ನೂ ಹತ್ತುವುದಿಲ್ಲ. ಎನ್ನದೆಯೂ ಇರಬಹುದು. ಈ ಒಂದು ಸಲವಾದರೂ ಅವಸರ ಮಾಡುವುದಿಲ್ಲ ಎಂದು ನಿಮಗೆ ಮಾತು ಕೊಡುತ್ತೇನೆ.

ಇಷ್ಟು ಬರೆದು ಪೆನ್ನು ಕೆಳಗಿಡುವಾಗ ದೀಕ್ಷಾಳ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಮಾಮ, ನಾನು ಫೋನ್ ಮಾಡಿದ್ದು ಅಮ್ಮನಿಗೆ ಗೊತ್ತಾಗುವುದು ಬೇಡ. ನಿಮ್ಮ ಹೆಸರು ಎತ್ತಿದ್ರೆ ಈಗಲೂ ಎದ್ದು ಹೋಗ್ತಾರೆ."

"ಆಯಿತು ಮಗ. ಎಂತ ವಿಷಯ?"

"ನಿನ್ನೆ ಅಂಗಡಿಯಿಂದ ಕಡ್ಲೆ ತರಿಸಿ ನೆನೆ ಹಾಕಿದ್ರು. ಇವತ್ತು ಬೆಳಿಗ್ಗೆ ಬಜಿಲ್ ಮಾಡಿದ್ರು."

"ಅವಳು ತಿಂದಳಾ?"

ಎರಡು ಸಲ ಹಾಕಿಕೊಂಡಳಂತೆ, ಭಾವ.