ಅವ್ವ ಬಾರಿನ ಹೊಸ್ತಿಲು ದಾಟಿದಳು

ಸಾಂಬ್ರಾಣಿ, ಹಳಿಯಾಳ ತಾಲೂಕು
10 ನವೆಂಬರ್ 2025, ಸೋಮವಾರ

ಪ್ರೀತಿಯ ಜುಜೆ ಅಣ್ಣಾ,

ಹೇಗಿದ್ದೀಯಾ? ಮಡಗಾಂವಿನ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತು ನಿಂತು ಬಂದ ಮೊಣಕಾಲು ನೋವು ಕಡಿಮೆಯಾಯಿತೇ? ಎಣ್ಣೆ ಸಿಗುವುದಿಲ್ಲ ಅನ್ನಬೇಡ, ಹಚ್ಚಿಕೊಳ್ಳುವ ಮನಸ್ಸು ನಿನಗಿಲ್ಲ. ಇಲ್ಲಿ ಅಪ್ಪ ಅವ್ವ ಚೆನ್ನಾಗಿದ್ದಾರೆ. ಅಂದರೆ ದಿನವೂ ಜಗಳವಾಡುತ್ತಿದ್ದಾರೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಕ್ಕುಬಿಡುತ್ತೀಯೆಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಅಪ್ಪ ಬಾರು ಮಾರಲು ಹೊರಟಿದ್ದ. ಹುಬ್ಬಳ್ಳಿಯಿಂದ ವೀರೇಶ ಎಂಬ ರೆಸಾರ್ಟಿನವರು ಬಂದು ಜಾಗ ನೋಡಿದರು. ಬಾರನ್ನು ಕೆಡವಿ ಕಾಟೇಜು ಕಟ್ಟುತ್ತಾರಂತೆ. ಅಪ್ಪನಿಗೂ ಈಗ ಕೈ ನಡುಗುತ್ತದೆ, ಮೀನು ಹುರಿಯುವಾಗ ಎಣ್ಣೆ ಸಿಡಿದು ಸುಟ್ಟುಕೊಂಡ. 'ಸಾಕಾತು, ಕೊಟ್ಟ ಬಿಡ್ತೇನಿ' ಅಂದ. ಅವ್ವ ಊರಿಗೆಲ್ಲ ಸಿಹಿ ಹಂಚುತ್ತಾಳೆ ಎಂದುಕೊಂಡೆ ನಾನು.

ಬಾರಿಗೂ ಅವ್ವನಿಗೂ ಎಷ್ಟು ಹಳೆಯ ವೈರ! ಅದು ತಗಡಿನ ಸಾರಾಯಿ ಅಂಗಡಿಯಾಗಿದ್ದ ಕಾಲ. ಎದುರಿಗೆ ದಿಮ್ಮಿ ಹೇರಿದ ಲಾರಿಗಳ ಸಾಲು. ಕುಡಿದು ಕೂತ ತನ್ನ ಅಪ್ಪನನ್ನು, ಅಂದರೆ ನಮ್ಮ ಅಜ್ಜನನ್ನು, ಎಳೆದೊಯ್ಯಲು ಬಂದ ಅವ್ವ, ಹೊಸ್ತಿಲಾಚೆಯಿಂದಲೇ ಅಂಗಡಿಯವನ ನೀರಿಳಿಸಿದಳು. ಆ ಅಂಗಡಿಯವನೇ ನಮ್ಮಪ್ಪ. ಮರುದಿನ ಅಜ್ಜನಿಗೆ ಸಾರಾಯಿ ಕೊಡಲಿಲ್ಲ. ಆದರೆ ಆ ಬೈಗುಳ ಇನ್ನೊಮ್ಮೆ ಕೇಳಬೇಕೆಂದು ಅದರ ಮರುದಿನ ಕೊಟ್ಟನಂತೆ! ಮದುವೆಯಾದ ಮೇಲೂ ಅವ್ವ ಒಳಗೆ ಕಾಲಿಡಲಿಲ್ಲ. ಊರ ಹೆಂಗಸರನ್ನು ಕಟ್ಟಿಕೊಂಡು ಎದುರಿಗೇ ಧರಣಿ ಕೂತಳು, ಅಪ್ಪ ಅವರಿಗೆಲ್ಲ ಚಹಾ ಕಳಿಸಿದ. ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅವ್ವನ ಕುಣಿತ ಹೇಳತೀರದು. ಅಪ್ಪ ಲೈಸನ್ಸ್ ಮಾಡಿಸಿ, ಗೋಡೆ ಕಟ್ಟಿಸಿ, ಬಿಯರಿನ ಜೊತೆ ಹೊಳೆಮೀನು ಹುರಿಯತೊಡಗಿದ. ಬರಬರುತ್ತ ಕುಡಿಯುವವರಿಗಿಂತ ಮೀನಿಗೆ ಬರುವವರೇ ಹೆಚ್ಚಾದರು. ಅವ್ವ ಮಾತ್ರ ಮನೆಗೆ ತಂದ ಮೀನನ್ನೂ ಮುಟ್ಟಲಿಲ್ಲ.

ಹೋದ ವಾರ ವೀರೇಶ ಮಾತು ಮುಗಿಸಲು ಬಂದರು. ದಿನಾ ಬರುವ ಶಂಕ್ರಪ್ಪ ಮಾಸ್ತರು ಮೂಲೆಯಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದರು. ಅಪ್ಪ ಸಹಿ ಮಾಡಲು ಕನ್ನಡಕ ಹುಡುಕುತ್ತಿದ್ದ. ಆಗ ಅವ್ವ ಹೊಸ್ತಿಲು ದಾಟಿ ಒಳಗೇ ಬಂದಳು! ಇಗರ್ಜಿಯಲ್ಲಿ ಪಾದ್ರಿ ಬಂದಂತೆ ಗಿರಾಕಿಗಳೆಲ್ಲ ಎದ್ದು ನಿಂತರು.

'ಇದನ್ನ ಮಾರೂದಿಲ್ಲ' ಅಂದಳು.

'ಅಲ್ಲಾ, ಇಷ್ಟ ವರ್ಷ ಮುಚ್ಚು ಮುಚ್ಚು ಅಂದಾಕಿ ನೀನ ಅಲ್ಲೇನು?' ಅಪ್ಪ ಬೆಪ್ಪಾದ.

'ಮುಚ್ಚಸೂದಿದ್ರ ನಾ ಮುಚ್ಚಸ್ತೇನಿ. ಮಂದಿ ಬಂದು ಯಾಕ ಕೆಡವಬೇಕು? ನಾಳಿಂದ ನಾ ಯಾರ ಜೋಡಿ ಜಗಳಾ ಮಾಡ್ಲಿ?'

ವೀರೇಶ ಜೋರಾಗಿ ನಕ್ಕು, ಒಂದು ಪ್ಲೇಟು ಮೀನು ತಿಂದು ಹೋದರು. ಒಳ್ಳೆಯ ಮನುಷ್ಯ. ಅವರು ಹೋದ ಮೇಲೆ ಅವ್ವ ಬೆಂಚಿನ ಮೇಲೆ ಕೂತು ತಾನೂ ಒಂದು ತುಂಡು ಕೇಳಿದಳು. ಅಪ್ಪ ತಾನೇ ತಟ್ಟೆ ತಂದಿಟ್ಟ. 'ಉಪ್ಪು ಕಮ್ಮಿ ಐತಿ' ಅಂದಳು, ಅಂದು ಇನ್ನೆರಡು ಹಾಕಿಸಿಕೊಂಡಳು. ಅಪ್ಪನ ಕಣ್ಣು ತುಂಬಿತ್ತು. ಹೊಗೆ ಅಂದ.

ಅವ್ವನದು ಒಂದೇ ಷರತ್ತು: ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಸಂಜೆಯವರೆಗೆ ಬಾಟಲಿ ತೆಗೆಯಬಾರದು, ಬಾರು ಹೆಂಗಸರದು. ನಿನ್ನೆ ಮೊದಲ ಭಾನುವಾರ. ಗಂಗೂ ಚಿಕ್ಕಮ್ಮ ಡಮಾಮಿ ಡೋಲು ಬಾರಿಸಿದ್ದೇ ಬಾರಿಸಿದ್ದು, ನಾವೆಲ್ಲ ಮೇಜು ಸರಿಸಿ ಕುಣಿದೆವು. ಗಂಡಸರು ಹೆಗಲಿಗೆ ಟವೆಲ್ ಹಾಕಿ ಮೀನು ಬಡಿಸಿದರು. ಮಾಸ್ತರರ ಹೆಂಡತಿ, 'ಇಷ್ಟ ದಿನಾ ಇವ್ರು ಇಲ್ಲಿ ಯಾಕ ಕೂಡ್ತಿದ್ರು ಅಂತ ಈಗ ತಿಳೀತು ನೋಡವಾ' ಅಂದರು!

ಅಪ್ಪ ಅವ್ವ ನಿನಗೆ ಆಶೀರ್ವಾದ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ದೇವರು ನಿನ್ನನ್ನು ನಗುನಗುತ್ತ ಇಟ್ಟಿರಲಿ.

ನಿನ್ನ ತಂಗಿ,
ಕರಿಷ್ಮಾ

ತಾ.ಕ.: ಬಸ್ಸಿನವನ ಕೈಗೆ ಕೊಡುವ ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟಿದ್ದೆ. 'ಮುಂದ ನಡಸವ್ರು ಯಾರ್ರಿ?' ಎಂದು ವೀರೇಶ ಕೇಳಿದ್ದಕ್ಕೆ ಅವ್ವ, 'ನನ್ನ ಮಗಾ ಕ್ರಿಸ್‌ಮಸ್ಸಿಗೆ ಬಂದು ಒಲಿ ಹಿಡಿತಾನ' ಅಂದುಬಿಟ್ಟಿದ್ದಾಳೆ. ಅವನನ್ನು ಕೇಳಿದ್ದೀಯಾ ಅಂದೆ. 'ಕೇಳೂದೇನ ಬಂತು, ನೀ ಬರದು ಹಾಕು' ಅಂದಳು. ಬರೆದು ಹಾಕಿದ್ದೇನೆ.