ಅಂಟು ಹಾಕದ ಕತ್ತು

ಅಮ್ಮಾ,

ಕೆಲಸಕ್ಕೆ ಹೊರಟೆ. ಮೇಜಿನ ಮೇಲಿರೋ ಗೊಂಬೆನ ದಯವಿಟ್ಟು ಒರೆಸಬೇಡ. ಬೂಟಿನ ಮೇಲಿರೋದು ಧೂಳಲ್ಲ, ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬಳಿದ ಬಣ್ಣ. ಹೋದ ಸಲ ನೀನು ಒರೆಸಿದ ರಭಸಕ್ಕೆ ಪಾಪ, ಸಿಪಾಯಿ ಗೊಂಬೆಯ ಹಣೆಗಾಯವೇ ಮಾಯವಾಯ್ತು!

ಇದು ಅಂಗಡಿಯಿಂದ ತಂದಾಗ ಅಪ್ಪ ನಟಿಸಿದ್ದ ಸಿನಿಮಾದ ಹೀರೋ ಆಗಿತ್ತು. ತಲೆ ಬದಲಿಸಿ, ಖಾಕಿ ಅಂಗಿ ಹೊಲಿದು, ಅದೇ ಸಿನಿಮಾದಲ್ಲಿ ಹೀರೋಗೆ ಗೇಟು ತೆಗೆಯೋ ಕಾವಲುಗಾರನ್ನ ಮಾಡಿದ್ದೀನಿ. ಹೌದು, ಆ ಪಾತ್ರ ಮಾಡಿದ್ದ ನಮ್ಮಪ್ಪನೇ. ಒಂದು ಕಡೆ ಇಳಿದ ಭುಜ ಕೂಡ ತೆರೆಯ ಮೇಲಿದ್ದ ಹಾಗೇ ಇದೆ.

ಸಿನಿಮಾದಲ್ಲಿ ಅಪ್ಪ ನೇರ ನೋಡ್ತಾರೆ. ಆದರೆ ಶೂಟಿಂಗಲ್ಲಿ ಮೊದಲ ಟೇಕಿಗೆ, ಜನರ ಮಧ್ಯೆ ನಿಂತಿದ್ದ ನಿನ್ನ ಕಡೆ ತಿರುಗಿ ನಕ್ಕು, ಡೈರೆಕ್ಟರ್ ಹತ್ರ ಬೈಸಿಕೊಂಡಿದ್ರಂತಲ್ಲ?

ಕತ್ತಿಗೆ ಇನ್ನೂ ಅಂಟು ಹಾಕಿಲ್ಲ. ಸಂಜೆ ನಾನು ಬರೋದರೊಳಗೆ, ಅಪ್ಪ ಯಾವ ಕಡೆ ನೋಡಬೇಕೋ ನೀನೇ ತಿರುಗಿಸಿಡು.