ಅತ್ತೆಯವರ ತೂಕ

ಸಂಫ್ಯಾ ವಿಮಾನ ನಿಲ್ದಾಣ,
೬ ಆಗಸ್ಟ್ ೧೯೯೮, ಗುರುವಾರ

ಪ್ರೀತಿಯ ಚೋಂಬಳ ಅಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಬಾಣಂತಿ ಮಗಳು ಚೋಂಬ ಸರಿಯಾಗಿ ಉಣ್ಣುತ್ತಿದ್ದಾಳೆಯೇ? ಮಗು ನಿಮ್ಮನ್ನು ಮಲಗಲು ಬಿಡುತ್ತದೆಯೇ? ನಾನು ಹೇಗೋ ಇದ್ದೇನೆ. ಮರಗೆಣಸಿನ ಹಿಟ್ಟಿನ ಮುದ್ದೆ, ಒಣಮೀನು, ಮಾರನೆಯ ದಿನವೂ ಅದೇ. ಬೇಯಿಸಿಕೊಳ್ಳುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಅತ್ತೆಯವರು ಮಂಗಳವಾರ ಲುಸಾಕಾಕ್ಕೆ ನಿಮ್ಮ ಬಳಿ ಬಂದು ಮುಟ್ಟಿದರೆಂದು ನಿಲ್ದಾಣದ ರೇಡಿಯೋದಲ್ಲಿ ತಿಳಿಯಿತು. ಅವರನ್ನು ವಿಮಾನ ಹತ್ತಿಸುವಾಗ ನಾನು ಮಾಡಿದ ಎಡವಟ್ಟಿಗೆ ಕೆಲಸ ಹೋಗುವ ಹಾಗಿದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಮ್ಮ ಶೂಬಿಲ್ ಏರ್‌ವೇಸ್‌ನ ಹಣೆಬರಹ ನಿನಗೆ ಗೊತ್ತೇ ಇದೆ. ಒಬ್ಬ ಬಿಳಿಯನ ಅಂಚೆ ವಿಮಾನವಾಗಿ ಶುರುವಾಯಿತು, ಸರಕಾರದ್ದಾಯಿತು, ಸರಕಾರಕ್ಕೂ ಸಾಕಾಗಿ ಮಾರಿಬಿಟ್ಟಿತು. ಮೂರು ಸಲ ರೆಕ್ಕೆಗೆ ಬಣ್ಣ ಬಳಿದರು. ಐದು ವಿಮಾನ ಇದ್ದದ್ದು ಎರಡಾಯಿತು. ಇಲ್ಲಿ ಟಿಕೆಟ್ ಹರಿಯುವವನು, ಮೂಟೆ ಹೊರುವವನು, ರನ್‌ವೇ ಮೇಲಿನ ಆಡು ಓಡಿಸುವವನು ಎಲ್ಲ ನಾನೊಬ್ಬನೇ. ನಮ್ಮ ಮದುವೆಯ ವರ್ಷ ಸೇರಿದವನಿಗೆ ಇಪ್ಪತ್ತಾರು ವರ್ಷದಲ್ಲಿ ಒಟ್ಟಿಗೆ ಎರಡು ದಿನ ರಜೆ ಸಿಕ್ಕಿಲ್ಲ. ಸಿಕ್ಕಿದ್ದರೆ ಅಳಿಯನನ್ನು ಮನೆಯೊಳಗೆ ಕರೆದುಕೊಳ್ಳುವ ಶಾಸ್ತ್ರ ಎಂದೋ ಮುಗಿದು, ನಾನೂ ನಿಮ್ಮಮ್ಮನ ಎದುರು ಕೂತು ಉಣ್ಣುತ್ತಿದ್ದೆ. ಆ ಶಾಸ್ತ್ರ ಆಗದ ಅಳಿಯ ಅತ್ತೆಯ ಮುಖ ನೋಡಬಾರದಲ್ಲ, ಈಗಲೂ ಅವರು ದಾರಿಯಲ್ಲಿ ಎದುರಾದರೆ ನಾನು ಪೊದೆಯ ಹಿಂದೆ ಸರಿಯುತ್ತೇನೆ.

ಅಂಥವನು ಅವರನ್ನು ತೂಕದ ಮಷಿನ್ ಹತ್ತಿಸುವುದು ಹೇಗೆ, ನೀನೇ ಹೇಳು? ಒಂಬತ್ತು ಸೀಟಿನ ವಿಮಾನ. ಮೊದಲು ಗಂಟು, ಆಮೇಲೆ ಆಳು, ಒಬ್ಬೊಬ್ಬರನ್ನೂ ತೂಗಿ ಗಟ್ಟಿಯಾಗಿ ಕೂಗಬೇಕು. ಸುತ್ತ ಊರವರೆಲ್ಲ ನಿಂತಿದ್ದರು. ಅತ್ತೆಯವರು ಬೆನ್ನು ತಿರುಗಿಸಿ ನಿಂತರು, ನಾನು ಎಣ್ಣೆಯ ಡ್ರಮ್ಮಿನ ಹಿಂದೆ ಅಡಗಿದೆ. ಮದುವೆಯ ದಿನ ಅಂಗಳದ ತುಂಬ ಓಡಾಡಿದ ಅವರ ಮೈಕಟ್ಟು ನೆನಪು ಮಾಡಿಕೊಂಡು ಎಂಬತ್ತೆರಡು ಕಿಲೋ ಎಂದು ಬರೆದೆ. ಒಟ್ಟು ಭಾರ ವಿಮಾನದ ಮಿತಿಗಿಂತ ಮೂವತ್ತು ಕಿಲೋ ಹೆಚ್ಚಾಯಿತು. ತಂಗಿಯ ಮದುವೆಗೆ ಹೊರಟಿದ್ದ ಬಡಗಿ ಕಪಂಬ್ವೆಯನ್ನು ಇಳಿಸಿದೆ. ಅವನು ಬೈದದ್ದನ್ನು ನಿನಗೆ ಬರೆಯಲಾರೆ.

ದಾರಿಯಲ್ಲಿ ವಿಮಾನ ಇಳಿಯುವ ನ್ದೋಲಾದಲ್ಲಿ ಹೊಸಬರು ಹತ್ತುವಾಗ ಎಲ್ಲರನ್ನೂ ಮತ್ತೆ ತೂಗಿದರು. ನಮ್ಮ ಬೆಂಬಾ ಕುಲದವರನ್ನು ಕಿಚಾಯಿಸಲೆಂದೇ ಹುಟ್ಟಿದ ನ್ಗೋನಿ ಕುಲದವನಲ್ಲವೇ ವಿಮಾನ ಓಡಿಸುವ ಕ್ಯಾಪ್ಟನ್ ಜೆರೆ, ರೇಡಿಯೋದಲ್ಲಿ ಎಲ್ಲ ನಿಲ್ದಾಣಗಳಿಗೂ ಕೇಳುವಂತೆ ನಕ್ಕ. "ಏನಯ್ಯಾ ಕೋತಿ ತಿನ್ನೋನೇ, ನಿಮ್ಮತ್ತೆ ನಲವತ್ಮೂರೇ ಕಣಯ್ಯಾ! ನೀ ಯಾರ ಅತ್ತೇನ ತೂಗ್ದೆ?" "ಇಲಿ ತಿನ್ನೋನೇ, ಬಾಯ್ಮುಚ್ಕೊಂಡು ವಿಮಾನ ಓಡ್ಸು" ಎಂದೆ. ನಮ್ಮೆರಡು ಕುಲದವರ ಎಂದಿನ ತಮಾಷೆ ಅದು. ಈ ಸಲ ಮಾತು ಬಂತು, ನಗು ಬರಲಿಲ್ಲ.

ನಿನ್ನೆ ಕಚೇರಿಯವರು ರೇಡಿಯೋದಲ್ಲಿ ಕರೆದರು. ಸುಳ್ಳು ತೂಕ ಬರೆದದ್ದೇಕೆ, ಕಾಗದದಲ್ಲಿ ಉತ್ತರ ಬೇಕಂತೆ. ಅತ್ತೆಗೆ ಮರ್ಯಾದೆ ಕೊಟ್ಟೆ ಎಂದೇ ಬರೆದಿದ್ದೇನೆ. ನಗಲಿ, ಇಲ್ಲವೇ ತೆಗೆದುಹಾಕಲಿ. ನನಗೆ ಸಾಕಾಗಿದೆ, ಆಡುಗಳನ್ನು ಇನ್ನು ಬೇರೆ ಯಾರಾದರೂ ಓಡಿಸಲಿ.

ಚೋಂಬಳಿಗೂ ಕೂಸಿಗೂ ಈ ಅಜ್ಜನ ಆಶೀರ್ವಾದ. ಅತ್ತೆಯವರಿಗೆ ದೂರದಿಂದಲೇ ನಮಸ್ಕಾರ ಮುಟ್ಟಿಸು.

ನಿನ್ನ
ಕಟೊಂಗೊ

ತಾ. ಕ.: ವಿಮಾನದ ಸದ್ದು ಕೇಳುತ್ತಿದೆ, ಕಾಗದ ಇದರಲ್ಲೇ ಹೋಗಬೇಕು. ಕೆಲಸದ ಮಾತು ಹಾಗಿರಲಿ. ಎಂಬತ್ತೆರಡು ಎಂದದ್ದು ಸುಳ್ಳಲ್ಲ, ಮದುವೆಯಲ್ಲಿ ಅವರು ಹಾಗೆಯೇ ಇದ್ದರು. ಜೆರೆಯನ್ನು ಮತ್ತೆ ಕರೆದು ಕೇಳಿದೆ. "ಸ್ವೆಟರು, ಸುತ್ಕೊಂಡಿದ್ದ ಎರಡು ಬಟ್ಟೆ, ಎಲ್ಲ ಸೇರಿ ನಲವತ್ಮೂರು" ಎಂದ. ಆಗ ಅವನೂ ನಗಲಿಲ್ಲ. ಅಷ್ಟು ಬಟ್ಟೆಯೊಳಗೆ ಅವರೆಷ್ಟು ಸೊರಗಿದ್ದಾರೆಂದು ನಿನಗೂ ತಿಳಿದಿರಲಿಕ್ಕಿಲ್ಲ. ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ, ನನಗೆ ಭಯವಾಗುತ್ತಿದೆ. ನಾಳೆಯೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು, ಬೇಡವೆಂದರೂ ಬಿಡಬೇಡ. ಮರ್ಯಾದೆಯೆಂದು ಇಪ್ಪತ್ತಾರು ವರ್ಷ ನಾನು ಅವರ ಮುಖ ನೋಡಲಿಲ್ಲ. ನೀನಾದರೂ ಸ್ವೆಟರ್ ತೆಗೆಸಿ ನೋಡು.